ಕಸಕ್ಕೆ ಬೆಂಕಿ ಹಾಕುವ ಮೊದಲು
ತೋಟದ ಮೂಲೆಯಲ್ಲಿ ಕಸ ಸುಡುವುದು ನಮ್ಮ ಕೊಡಗಿನಲ್ಲಿ ಹಳೇ ಅಭ್ಯಾಸ, ಅಲ್ವಾ? ಬರೀ ಸೌದೆಯ ಬೂದಿಯಾದರೆ ಗಿಡಕ್ಕೆ ಹಾಕಬಹುದು. ಜೊತೆಗೆ ಪ್ಲಾಸ್ಟಿಕ್ ಸೇರಿದರೆ ಕಥೆ ಬೇರೆ. ಅಂಗಳದ ಬೆಂಕಿಗೆ ಬಿಸಿ ಸಾಲುವುದಿಲ್ಲ, ಪ್ಲಾಸ್ಟಿಕ್ ಪೂರ್ತಿ ಉರಿಯದೆ ಡೈಆಕ್ಸಿನ್‌ನಂಥ ವಿಷ ಹುಟ್ಟುತ್ತದೆ. ಪಿವಿಸಿ ಪೈಪಿನ ತುಂಡು ಇದ್ದರಂತೂ ಇನ್ನೂ ಜಾಸ್ತಿ. ಆ ಬೂದಿಯನ್ನು ತರಕಾರಿ ಬುಡಕ್ಕೆ ಹಾಕಲೇಬೇಡಿ.

ಹೂತರೆ ಮುಗಿಯಿತು ಅನ್ನುವ ಹಾಗೂ ಇಲ್ಲ. ಗಾಳಿಯಾಡದ ಗುಂಡಿಯಲ್ಲಿ ಹಸಿ ಕಸ ಕೊಳೆತರೆ ಮೀಥೇನ್ ಅನಿಲ ಬರುತ್ತದೆ. 100 ವರ್ಷದ ಲೆಕ್ಕದಲ್ಲಿ ಅದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯ ಬಿಸಿ ಏರಿಸುತ್ತದೆ. ಜುಲೈ ಮಳೆಗೆ ಗುಂಡಿಯ ಕೊಳೆನೀರು ಇಳಿಜಾರಿನಲ್ಲಿ ಇಳಿದು ಬಾವಿಗೋ ತೋಡಿಗೋ ಸೇರುತ್ತದೆ. ನಮ್ಮನೆ ಗುಂಡಿಯನ್ನು ಕಾಡುಹಂದಿ ಬೇರೆ ಎರಡು ಸಲ ಬಗೆದು ಹರಡಿತ್ತು!

ಈಗ ಹಸಿ ಕಸವನ್ನು ಎತ್ತರದ ಜಾಗದಲ್ಲಿ, ಶೀಟಿನ ಕೆಳಗೆ ರಾಶಿ ಹಾಕುತ್ತೇವೆ. ಒಂದು ಬುಟ್ಟಿ ಕಸಕ್ಕೆ ಎರಡು ಬುಟ್ಟಿ ಸಿಲ್ವರ್ ಓಕ್ ಒಣ ಎಲೆ. ವಾರಕ್ಕೊಮ್ಮೆ ಮಗುಚಬೇಕು. ವಾಸನೆ ಬಂದರೆ ಇನ್ನಷ್ಟು ಎಲೆ ಸೇರಿಸಿ.

ಬಾಟಲಿ, ಡಬ್ಬ, ರಟ್ಟು ಒಣಗಿಸಿಟ್ಟರೆ ಗುಜರಿಯವರು ಒಯ್ಯುತ್ತಾರೆ. ಚಿಪ್ಸ್ ಪ್ಯಾಕೆಟ್ ಮಾತ್ರ ತಲೆನೋವು. ಪ್ಲಾಸ್ಟಿಕ್, ಅಲ್ಯೂಮಿನಿಯಂ ಪದರ ಅಂಟಿಕೊಂಡಿರುವುದರಿಂದ ಬೇರೆ ಮಾಡುವುದು ಕಷ್ಟ. ಅದನ್ನು ಒಣ ಕಸದ ಗಾಡಿಗೆ ಕೊಡಿ. ಕಡಿಮೆ ತಂದರೆ ಇನ್ನೂ ಒಳ್ಳೆಯದು, ಮಕ್ಕಳು ಒಪ್ಪಿದರೆ.