ನ್ಯೂಯಾರ್ಕ್ ರೆಸ್ಟೊರೆಂಟ್ ವೀಕ್: ದುಬಾರಿ ಹೋಟೆಲಿನ ಊಟ ನಿಜಕ್ಕೂ ಗಿಟ್ಟಬೇಕಾದರೆ

ನ್ಯೂಯಾರ್ಕಿನ ಹೋಟೆಲುಗಳು ವಿಶೇಷ ಮೆನುವಿನ ಊಟವನ್ನು ನಿಗದಿತ ರಿಯಾಯಿತಿ ದರಕ್ಕೆ ಕೊಡುವ ಕಾಲ ಇದು. ಹೆಸರಿಗೆ ವೀಕ್, ನಡೆಯುವುದು ಮೂರು ನಾಲ್ಕು ವಾರ. ವರ್ಷಕ್ಕೆ ಎರಡು ಸಲ ಬರುತ್ತದೆ: ಜನವರಿ-ಫೆಬ್ರವರಿಯ ಚಳಿಯಲ್ಲೊಮ್ಮೆ, ಜುಲೈ-ಆಗಸ್ಟಿನ ಸೆಕೆಯಲ್ಲೊಮ್ಮೆ. ಎರಡೂ ಹೋಟೆಲುಗಳಲ್ಲಿ ಗಿರಾಕಿ ಕಡಿಮೆಯಾಗುವ ಕಾಲ. ಕ್ರಿಸ್‌ಮಸ್ಸಿಗೆ ಕೈ ಬರಿದು ಮಾಡಿಕೊಂಡವರು ಜನವರಿಯಲ್ಲಿ ಹೊರಗೆ ಉಣ್ಣುವುದಿಲ್ಲ, ಬೇಸಿಗೆ ಬಂದರೆ ಮ್ಯಾನ್‌ಹಾಟನ್ನಿನ ಸಿರಿವಂತರು ಸಮುದ್ರತೀರಕ್ಕೆ ಹೊರಟುಬಿಡುತ್ತಾರೆ. ಆಗ ಖಾಲಿ ಉಳಿಯುವ ಕುರ್ಚಿಗಳೇ ನಿಮಗೆ ಸಿಗುವ ರಿಯಾಯಿತಿಯ ಮೂಲ.

1992ರಲ್ಲಿ ಡೆಮಾಕ್ರಟಿಕ್ ಪಕ್ಷದ ಅಧಿವೇಶನ ನ್ಯೂಯಾರ್ಕಿಗೆ ಬಂದಾಗ ಹೋಟೆಲು ವಿಮರ್ಶೆಯ ಕೈಪಿಡಿ ತರುತ್ತಿದ್ದ ಟಿಮ್ ಝಗಾಟ್ ಮತ್ತು ಹೋಟೆಲು ಉದ್ಯಮಿ ಜೋ ಬಾಮ್ ಇದನ್ನು ಶುರುಮಾಡಿದರು. ಆಗ ಇಸವಿಯೇ ಬೆಲೆ: ಮಧ್ಯಾಹ್ನದ ಊಟ 19.92 ಡಾಲರ್. ಕೆಲವು ವರ್ಷಗಳಿಂದ ಮೂರು ದರಗಳಿವೆ: ತಲೆಗೆ 30, 45, 60 ಡಾಲರ್. ಮಧ್ಯಾಹ್ನಕ್ಕೆ ಎರಡು ಕೋರ್ಸ್, ಅಂದರೆ ಒಂದಾದ ಮೇಲೊಂದು ಬಡಿಸುವ ಎರಡು ಸುತ್ತು, ರಾತ್ರಿಗೆ ಮೂರು. ಶನಿವಾರ ಸಾಮಾನ್ಯವಾಗಿ ಇರುವುದಿಲ್ಲ, ಭಾನುವಾರ ಆಯಾ ಹೋಟೆಲಿನವರ ಇಷ್ಟ. ಕುಡಿಯುವುದು, ತೆರಿಗೆ, ಟಿಪ್ ಯಾವುದೂ ಈ ದರದಲ್ಲಿ ಸೇರಿಲ್ಲ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ.

ಮೊದಲು ಮಾಡಬೇಕಾದ ಕೆಲಸ ಹೋಟೆಲು ಆರಿಸುವುದಲ್ಲ, ಎರಡು ಮೆನು ಪಕ್ಕಪಕ್ಕ ಇಟ್ಟು ನೋಡುವುದು. ನಗರದ ಪ್ರವಾಸೋದ್ಯಮ ಸಂಸ್ಥೆಯ ಜಾಲತಾಣದಲ್ಲಿ ಪಟ್ಟಿ ಬಂದ ದಿನವೇ ತೆರೆಯಿರಿ. ಯಾವ ಹೋಟೆಲು ಯಾವ ದರಕ್ಕೆ, ಯಾವ ವಾರ, ಯಾವ ಹೊತ್ತಿನ ಊಟ ಕೊಡುತ್ತದೆ ಎಂಬುದೆಲ್ಲ ಅಲ್ಲಿರುತ್ತದೆ. ಎಲ್ಲರೂ ಎಲ್ಲ ವಾರವೂ ಭಾಗವಹಿಸುವುದಿಲ್ಲ, ಕೆಲವರು ಮೊದಲೆರಡು ವಾರಕ್ಕೇ ಮುಗಿಸುತ್ತಾರೆ. ಒಂದೊಂದು ಹೋಟೆಲಿನ ವಿಶೇಷ ಮೆನುವನ್ನೂ ದಿನನಿತ್ಯದ ಮೆನುವನ್ನೂ ತೆಗೆದು, ನೀವು ತಿನ್ನುವ ತಿನಿಸುಗಳ ಮಾಮೂಲಿ ಬೆಲೆ ಕೂಡಿಸಿ. ಸ್ಟಾರ್ಟರ್ 22, ಮುಖ್ಯ ಊಟ 38 ಇರುವ ಕಡೆ ಅವೆರಡೂ 30ಕ್ಕೆ ಬಂದರೆ ಸರಿಯಾಗಿ ಅರ್ಧ. ಸ್ಟಾರ್ಟರ್ 14, ಮುಖ್ಯ ಊಟ 22 ಇರುವ ಕಡೆ ಉಳಿಯುವುದು ಆರೇ ಡಾಲರ್. ಅದಕ್ಕಾಗಿ ರೈಲು ಹತ್ತಿ ಹೋಗಬೇಕೇ? ದಿನಾ ಅಗ್ಗವಾಗಿರುವ ಹೋಟೆಲಿಗೆ ಯಾವಾಗ ಬೇಕಾದರೂ ಹೋಗಬಹುದು. ಈ ವಾರಗಳನ್ನು ದುಬಾರಿ ಜಾಗಕ್ಕೇ ಮೀಸಲಿಡಿ, ಅದರಲ್ಲೂ ಮಧ್ಯಾಹ್ನಕ್ಕೆ. ಅದೇ ಅಡುಗೆಮನೆ, ಅದೇ ಬಿಳಿ ಮೇಜುಬಟ್ಟೆ, ಬೆಲೆ ಮಾತ್ರ ರಾತ್ರಿಯದಕ್ಕಿಂತ ಎಷ್ಟೋ ಕಡಿಮೆ.

ಮೆನು ಓದುವಾಗ ತಿನಿಸಿನ ಹೆಸರಿನ ಪಕ್ಕ ಸಣ್ಣಗೆ 'ಪ್ಲಸ್ 12', 'ಪ್ಲಸ್ 15' ಎಂದಿದೆಯೇ ಗಮನಿಸಿ. ಅದು ಸಪ್ಲಿಮೆಂಟ್, ಅಂದರೆ ಆ ತಿನಿಸು ಬೇಕಾದರೆ ಮೇಲೆ ಅಷ್ಟು ಕೊಡಬೇಕು. ಸ್ಟೇಕ್‌ಹೌಸ್‌ಗಳಲ್ಲಿ ಒಳ್ಳೆಯ ಸ್ಟೇಕಿಗೆ, ಅಂದರೆ ದನದ ಮಾಂಸದ ದಪ್ಪ ತುಂಡಿಗೆ, ಇದು ಮಾಮೂಲು. ಸಪ್ಲಿಮೆಂಟ್ ಇಲ್ಲದೆ ಉಳಿಯುವುದು ಕೋಳಿ, ಸಾಲ್ಮನ್, ಪಾಸ್ತಾ. ಹೋಟೆಲಿನ ಹೆಸರುವಾಸಿ ತಿನಿಸು ಒಂದಾದರೂ ಸಪ್ಲಿಮೆಂಟ್ ಇಲ್ಲದೆ ಇದ್ದರೆ ಮಾತ್ರ ಬುಕ್ ಮಾಡಿ. ಮನೆಯಲ್ಲೂ ಮಾಡಬಹುದಾದ ಟೊಮೆಟೊ ಪಾಸ್ತಾಗೆ 30 ಡಾಲರ್ ಕೊಟ್ಟು ಬರುವುದು ರಿಯಾಯಿತಿಯಲ್ಲ.

ಬುಕಿಂಗ್ ಸಾಮಾನ್ಯವಾಗಿ ಒಂದೆರಡು ವಾರ ಮೊದಲೇ ತೆರೆಯುತ್ತದೆ. ಹೆಸರಾಂತ ಜಾಗಗಳಲ್ಲಿ ಒಳ್ಳೆಯ ಹೊತ್ತುಗಳು ಬೇಗ ಮುಗಿಯುತ್ತವೆ. ಮಂಗಳವಾರ, ಬುಧವಾರದ ಮಧ್ಯಾಹ್ನ ಸಿಗುವುದು ಸುಲಭ. ರಾತ್ರಿಯಾದರೆ ಐದು ಗಂಟೆ ಅಥವಾ ಒಂಬತ್ತರ ಮೇಲೆ ನೋಡಿ. ಜಾಗ ಇಲ್ಲವೆಂದರೆ ಬುಕಿಂಗ್ ಮಾಡುವಲ್ಲೇ ಖಾಲಿಯಾದಾಗ ತಿಳಿಸುವಂತೆ ಅಲರ್ಟ್ ಹಾಕಿಟ್ಟು, ಹಿಂದಿನ ದಿನ ಮತ್ತೆ ನೋಡಿ. ಬಹಳ ಕಡೆ ಕಾರ್ಡ್ ನಂಬರ್ ಕೇಳುತ್ತಾರೆ, 24 ಗಂಟೆಗೆ ಮುಂಚೆ ರದ್ದುಮಾಡದೆ ಹೋಗದಿದ್ದರೆ ತಲೆಗಿಷ್ಟೆಂದು ದಂಡ ಹಿಡಿಯುತ್ತಾರೆ. ಹಾಗಾಗಿ ಹೋಗಲಾಗುವುದಿಲ್ಲವೆಂದು ಖಾತ್ರಿಯಾದ ಕೂಡಲೇ, ಗಡಿಯಾರ ನೋಡಿಕೊಂಡು ರದ್ದುಮಾಡಿ. ಪಕ್ಕದ ನ್ಯೂಜೆರ್ಸಿಯ ಎಡಿಸನ್, ಐಸೆಲಿನ್ ಕಡೆಯಿಂದ ಮೆಟ್ರೋಪಾರ್ಕಿನಲ್ಲಿ ರೈಲು ಹತ್ತುವವರು ಮ್ಯಾನ್‌ಹಾಟನ್ನಿನ ಪೆನ್ ಸ್ಟೇಷನ್ನಿಗೆ ಮುಕ್ಕಾಲು ಗಂಟೆ, ಅಲ್ಲಿಂದ ಹೋಟೆಲಿಗೆ ಅರ್ಧ ಗಂಟೆ ಇಟ್ಟುಕೊಳ್ಳಿ. ಹದಿನೈದು ನಿಮಿಷ ತಡವಾದರೆ ಮೇಜು ಬೇರೆಯವರ ಪಾಲಾಗಬಹುದು, ತಡವಾದೀತು ಎನಿಸಿದ ಕೂಡಲೇ ಫೋನ್ ಮಾಡಿ.

ಸಸ್ಯಾಹಾರಿಗಳ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಬೇಸಿಗೆಯಲ್ಲಿ ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಿರುವ ಕಾಲಕ್ಕೇ ಇದು ಬೀಳುತ್ತದೆ, 'ಒಂದು ದಿನ ದೊಡ್ಡ ಹೋಟೆಲಿಗೆ ಕರಕೊಂಡು ಹೋಗೋಣ' ಎಂದು ಹೊರಡುವವರು ಬಹಳ. ವಿಶೇಷ ಮೆನುವಿನಲ್ಲಿ ಒಂದೊಂದು ಕೋರ್ಸಿಗೆ ಮೂರು ನಾಲ್ಕೇ ಆಯ್ಕೆ, ಅದರಲ್ಲಿ ಸಸ್ಯಾಹಾರ ಒಂದಿದ್ದರೆ ಹೆಚ್ಚು. ಆ ಒಂದೂ ನಮ್ಮ ಲೆಕ್ಕದ ಸಸ್ಯಾಹಾರವೇ ಎಂದು ಕೇಳಿ ತಿಳಿಯಬೇಕು. ತರಕಾರಿ ಸೂಪಿಗೂ ರಿಸೊಟ್ಟೊ ಎಂಬ ಇಟಲಿಯ ಅನ್ನಕ್ಕೂ ಕೋಳಿಯ ಸ್ಟಾಕ್, ಅಂದರೆ ಕೋಳಿ ಬೇಯಿಸಿದ ನೀರು, ಹಾಕುವುದುಂಟು. ಸೀಸರ್ ಸಲಾಡಿನ ಡ್ರೆಸಿಂಗಿನಲ್ಲಿ ಆಂಚೊವಿ ಎಂಬ ಮೀನು ಅರೆದಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾರ್ಮೆಸಾನ್ ಚೀಸಿಗೆ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್, ಪನ್ನಾಕೋಟಾ ಎಂಬ ಕೆನೆಯ ಸಿಹಿಗೆ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ ಜೆಲಟಿನ್, ಕೈಯಲ್ಲಿ ಮಾಡಿದ ಪಾಸ್ತಾಗೆ ಮೊಟ್ಟೆ ಹಾಕುವುದು ಸಾಮಾನ್ಯ. ಥಾಯ್ ಅಡುಗೆಯಲ್ಲಿ ಫಿಶ್ ಸಾಸ್ ಇಲ್ಲದ ಸಾರೇ ಅಪರೂಪ. 'ನಾವು ವೆಜಿಟೇರಿಯನ್' ಎಂದಷ್ಟೇ ಹೇಳಿದರೆ ಸಾಲದು. 'ಮಾಂಸ, ಕೋಳಿ, ಮೀನು, ಅವುಗಳ ಸ್ಟಾಕ್, ಜೆಲಟಿನ್ ಬೇಡ, ಮೊಟ್ಟೆ ನಡೆಯುತ್ತದೆ' ಅಥವಾ 'ನಡೆಯುವುದಿಲ್ಲ' ಎಂದು ಬುಕಿಂಗಿನ ಟಿಪ್ಪಣಿಯಲ್ಲಿ ಬರೆಯಿರಿ, ಎರಡು ದಿನ ಮೊದಲು ಮೂರು ಗಂಟೆಯ ಸುಮಾರಿಗೆ ಫೋನಿನಲ್ಲೂ ಹೇಳಿ. ಮಧ್ಯಾಹ್ನದ ಗಲಾಟೆ ಮುಗಿದು ರಾತ್ರಿಯದು ಶುರುವಾಗದ ಆ ಹೊತ್ತಿನಲ್ಲಿ ಅಡುಗೆಮನೆಗೆ ಹೋಗಿ ಕೇಳಿಬರಲು ಅವರಿಗೂ ಪುರುಸೊತ್ತು ಇರುತ್ತದೆ. ಮೇಜಿಗೆ ಬಂದು ಕೂತ ಮೇಲೆ ಕೇಳಿದರೆ ಸಿಗುವುದು ಸಲಾಡು.

ಕೂತಾಗ ಮಾಮೂಲಿ ಮೆನು ಮಾತ್ರ ಕೈಗೆ ಕೊಟ್ಟರೆ 'ರೆಸ್ಟೊರೆಂಟ್ ವೀಕ್ ಮೆನು ಕೊಡಿ' ಎಂದು ಬಾಯಿಬಿಟ್ಟು ಕೇಳಿ, ಇದರಲ್ಲಿ ನಾಚಿಕೆಯೇನಿಲ್ಲ. ಮೇಜಿನಲ್ಲಿ ಎಲ್ಲರೂ ಅದನ್ನೇ ತೆಗೆದುಕೊಳ್ಳಬೇಕೇ ಎಂದೂ ಕೇಳಿ, ಕೆಲವು ಕಡೆ ಹಾಗೆ ನಿಯಮವಿದೆ. 'ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?', ಅಂದರೆ ಸಾದಾ ನೀರೋ ಗುಳ್ಳೆ ಬರುವ ನೀರೋ ಎಂಬ ಪ್ರಶ್ನೆಗೆ ಉತ್ತರ 'ಟ್ಯಾಪ್ ವಾಟರ್'. ಎರಡರಲ್ಲಿ ಒಂದನ್ನು ಆರಿಸಿದರೆ ಬಾಟಲಿ ಬರುತ್ತದೆ, ಬಿಲ್ಲೂ ಬರುತ್ತದೆ. ನ್ಯೂಯಾರ್ಕಿನ ನಲ್ಲಿ ನೀರು ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯಿಂದ ಬರುವಂಥದ್ದು, ಕುಡಿಯಲು ಚೆನ್ನಾಗಿಯೇ ಇದೆ. ಮಧ್ಯಾಹ್ನದ ಎರಡು ಕೋರ್ಸಿನಲ್ಲಿ ಸ್ಟಾರ್ಟರ್ ಅಥವಾ ಡೆಸರ್ಟ್ ಆರಿಸುವ ಅವಕಾಶವಿದ್ದರೆ ಇಬ್ಬರಲ್ಲಿ ಒಬ್ಬರು ಅದು, ಇನ್ನೊಬ್ಬರು ಇದು ಹೇಳಿ. ಇಬ್ಬರಿಗೂ ಮೂರು ರುಚಿ ಸಿಕ್ಕ ಹಾಗಾಯಿತು. ಒಂದೇ ಊಟ ಇಬ್ಬರಿಗೆ ಹಂಚಿಕೊಳ್ಳುವುದನ್ನು ಮಾತ್ರ ಬಹಳ ಕಡೆ ಒಪ್ಪುವುದಿಲ್ಲ. ಜುಲೈಯಲ್ಲಿ ಹೊರಗೆ ಬೆಂಕಿ, ಒಳಗೆ ಎಸಿ ಹಿಮ. ಹಿರಿಯರಿಗೆ ಒಂದು ಶಾಲು ಇರಲಿ.

ಇನ್ನು ಬಿಲ್ಲು. ಇಬ್ಬರ ಮಧ್ಯಾಹ್ನದ ಊಟ ತಲೆಗೆ 30ರಂತೆ 60. ಅದಕ್ಕೆ 8.875 ಶೇಕಡಾ ತೆರಿಗೆ, 5.33. ಟಿಪ್ 20 ಶೇಕಡಾ, 12. ಒಟ್ಟು 77.33. ಇದೇ ಮೇಜಿಗೆ 18 ಡಾಲರಿನ ವೈನ್ ಎರಡು ಗ್ಲಾಸು ಬಂದರೆ 36 ಸೇರಿದಂತೆ ಕಾಣುತ್ತದೆ, ಆದರೆ ಅದರ ಮೇಲೂ ತೆರಿಗೆ, ಟಿಪ್ ಕೂತು ಒಟ್ಟು 123.72 ಆಗುತ್ತದೆ. 60ರ ಊಟ 30ಕ್ಕೆ ಸಿಕ್ಕಿದ್ದರೂ ಉಳಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ಗ್ಲಾಸಿನಲ್ಲಿ ಹರಿದುಹೋಯಿತು. ಹೋಟೆಲಿನವರ ಲೆಕ್ಕವೂ ಅದೇ: ಊಟದಲ್ಲಿ ಬಿಟ್ಟದ್ದನ್ನು ಕುಡಿತದಲ್ಲಿ ಹಿಡಿಯುವುದು. ರಾತ್ರಿಯ 60ರ ಊಟ ಇಬ್ಬರಿಗೆ, ನೀರು ಮಾತ್ರ ಕುಡಿದರೂ, 154.65.

ದುಡ್ಡು ಕೊಡುವ ಮೊದಲು ಬಿಲ್ಲಿನಲ್ಲಿ ಎರಡು ಕಡೆ ಕಣ್ಣು ಹಾಯಿಸಿ. ಒಂದು, ವಿಶೇಷ ದರ ಹಾಕಿದ್ದಾರೋ ಬಿಡಿಬಿಡಿ ಬೆಲೆ ಹಾಕಿದ್ದಾರೋ. ಎರಡು, ಟಿಪ್ ಆಗಲೇ ಸೇರಿಸಿದ್ದಾರೋ. ದೊಡ್ಡ ಗುಂಪಿಗೆ 'ಗ್ರ್ಯಾಚುಯಿಟಿ' ಎಂಬ ಹೆಸರಿನಲ್ಲಿ ಟಿಪ್ಪನ್ನು ತಾವೇ ಸೇರಿಸುವುದುಂಟು, ಅದನ್ನು ನೋಡದೆ ಮತ್ತೆ 20 ಶೇಕಡಾ ಬರೆದರೆ ಎರಡು ಸಲ ಕೊಟ್ಟಂತೆ. ಸೇರಿಸಿರದಿದ್ದರೆ ತೆರಿಗೆಯ ಎರಡರಷ್ಟು ಹಾಕಿದರೆ 17.75 ಶೇಕಡಾ ಆಗುತ್ತದೆ, ಮೇಲೆ ಸ್ವಲ್ಪ ಸೇರಿಸಿ 20ಕ್ಕೆ ಮುಟ್ಟಿಸಿ. ಊಟದ ಬೆಲೆ ಅರ್ಧವಾಯಿತೆಂದು ಬಡಿಸಿದವರ ಕೆಲಸ ಅರ್ಧವಾಗಿರುವುದಿಲ್ಲ, ಟಿಪ್ಪಿನಲ್ಲಿ ಜಿಪುಣತನ ಬೇಡ. ತಟ್ಟೆಯಲ್ಲಿ ಮಿಕ್ಕಿದ್ದರೆ ಬಾಕ್ಸ್ ಕೇಳಿ, ಎಷ್ಟೇ ದೊಡ್ಡ ಹೋಟೆಲಾದರೂ ಕಟ್ಟಿಕೊಡುತ್ತಾರೆ.