‘ನನಗೆ ಚೆನ್ನಾಗಿಯೇ ಕೇಳುತ್ತಿದೆ’ ಎನ್ನುವವರ ಮನೆ

ಭಾನುವಾರ ಸಂಜೆ ನಮ್ಮ ಐದು ಮನೆಗಳು ಒಂದೇ ಕರೆಯಲ್ಲಿ ಸೇರುತ್ತವೆ. ದಾವಣಗೆರೆಯಲ್ಲಿ ನಾನು, ಚಿತ್ರದುರ್ಗದಲ್ಲಿ ತಂಗಿ, ಹೊಸದುರ್ಗದಲ್ಲಿ ತಮ್ಮ, ಪುಣೆಯಲ್ಲಿ ಮಗಳು, ಬೆಂಗಳೂರಿನಲ್ಲಿ ಮಗ. ಒಂದು ವಾರ ತಮ್ಮ ‘ಮದುವೆಗೆಂದು ಸಾಲ ತಂದಿದ್ದೇನೆ’ ಎಂದ. ತಂಗಿ ‘ಯಾವ ಬಣ್ಣದ್ದೋ?’ ಎಂದು ಕೇಳಿದಳು. ಅವಳ ಕಿವಿಗೆ ಅದು ಶಾಲು ಎಂದು ಬಿದ್ದಿತ್ತು.

ನಕ್ಕು ಸುಮ್ಮನಾಗಬಹುದಿತ್ತು, ಆದರೆ ತಂಗಿಯ ಕಿವಿ ಸರಿಯಾಗಿಯೇ ಇದೆ. ಸಾಮಾನ್ಯ ಟೆಲಿಫೋನು ಸಾಗಿಸುವುದು 300ರಿಂದ 3400 ಹರ್ಟ್ಜ್‌ವರೆಗಿನ ದನಿಯನ್ನು ಮಾತ್ರ. ಹರ್ಟ್ಜ್ ಎಂದರೆ ದನಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ‘ಸ’ಕಾರದ ಸಿಳ್ಳು ಬಹುಪಾಲು 3400ಕ್ಕಿಂತ ಮೇಲಿರುತ್ತದೆ, ದಾರಿಯಲ್ಲೇ ಉದುರಿಹೋಗುತ್ತದೆ. ಈಗಿನ ಮೊಬೈಲುಗಳಲ್ಲಿ ವೋಲ್ಟಿ (VoLTE, 4ಜಿ ಜಾಲದ ಮೂಲಕವೇ ಕರೆ ಮಾಡುವ) ಸೌಲಭ್ಯ ಎರಡೂ ಕಡೆ ಇದ್ದರೆ 7000 ಹರ್ಟ್ಜ್‌ವರೆಗೂ ದನಿ ಹೋಗಬಲ್ಲದು. ಸೆಟ್ಟಿಂಗ್ಸ್‌ನಲ್ಲಿ ಅದು ಚಾಲೂ ಇದೆಯೇ ಎಂದು ಮೊಮ್ಮಕ್ಕಳ ಕೈಯಲ್ಲಿ ಒಮ್ಮೆ ನೋಡಿಸಿ.

ಮರುದನಿಯ ಕಾಟವೇ ಬೇರೆ. ನಿಮ್ಮ ಮಾತು ನಿಮಗೇ ಎರಡನೇ ಸಲ ಕೇಳಿಸಿದರೆ ನಿಮ್ಮ ಫೋನನ್ನು ಬೈಯಬೇಡಿ. ಇನ್ನೊಬ್ಬರ ಮನೆಯಲ್ಲಿ ಸ್ಪೀಕರಿನಿಂದ ಹೊರಬಂದ ನಿಮ್ಮ ದನಿ ಅಲ್ಲಿನ ಮೈಕಿಗೆ ಹೊಕ್ಕು ವಾಪಸು ಬರುತ್ತಿರುತ್ತದೆ. ಹೀಗಾಗಿ ಎಲ್ಲರೂ ದೂರುತ್ತಿರುವಾಗ ‘ನನಗೆ ಚೆನ್ನಾಗಿಯೇ ಕೇಳುತ್ತಿದೆ’ ಎಂದು ನಿಶ್ಚಿಂತೆಯಿಂದ ಹೇಳುವವರ ಮನೆಯ ಮೇಲೆಯೇ ಮೊದಲ ಗುಮಾನಿ. ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿಸಿ ನೋಡಿ. ಯಾರು ಸುಮ್ಮನಾದಾಗ ಮರುದನಿ ನಿಲ್ಲುತ್ತದೋ ಅವರು ಸ್ಪೀಕರಿನ ಸದ್ದು ತಗ್ಗಿಸಬೇಕು ಅಥವಾ ಇಯರ್‌ಫೋನು ಹಾಕಿಕೊಳ್ಳಬೇಕು. ನಮ್ಮಲ್ಲಿ ಮೂರು ತಿಂಗಳು ತಂಗಿಯನ್ನು ಅನುಮಾನಿಸಿದೆವು. ಕೊನೆಗೆ ಸಿಕ್ಕಿದ್ದು ನನ್ನದೇ ಮನೆ.

ನನ್ನ ನಡುಮನೆಗೆ ಟೈಲ್ಸ್ ನೆಲ, ಬೋಳು ಗೋಡೆ, ಒಂದು ದೊಡ್ಡ ಕನ್ನಡಿ. ಮಾತನಾಡಿದರೆ ಬಾವಿಗೆ ಬಾಗಿ ಕೂಗಿದಂತೆ. ಜಮಖಾನ ಹಾಸಿ, ಎದುರಿನ ಗೋಡೆಗೆ ಚಳ್ಳಕೆರೆಯ ಕಂಬಳಿಯೊಂದನ್ನು ತೂಗುಹಾಕಿದೆ. ನೋಡಲು ಚೆಂದವಿಲ್ಲ ಎಂದು ಮಗಳು ಮೂಗು ಮುರಿದಳು, ಆದರೆ ಅಂದಿನಿಂದ ನನ್ನ ಮಾತು ಅವಳಿಗೆ ಬಿಡಿಬಿಡಿಯಾಗಿ ಕೇಳುತ್ತಿದೆ. ಕಂಬಳಿ ಇಲ್ಲದಿದ್ದರೆ ಹಾಸಿಗೆ, ಬಟ್ಟೆಬರೆ ತುಂಬಿದ ಮಲಗುವ ಕೋಣೆಯಲ್ಲೇ ಕುಳಿತು ಮಾತನಾಡಿ. ಫೋನನ್ನು ಮೇಜಿನ ಮೇಲಿಟ್ಟು ದೂರದಿಂದ ಕೂಗುವುದೂ ಬೇಡ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ದನಿ ಆರು ಡೆಸಿಬೆಲ್ ಕುಗ್ಗುತ್ತದೆ. ಕೋಣೆಯಲ್ಲಾದರೆ ನಿಮ್ಮ ಮಾತಿಗಿಂತ ಫ್ಯಾನಿನ ಸದ್ದೇ ಮೈಕಿಗೆ ಹತ್ತಿರವಾಗಿರುತ್ತದೆ.

ತಂತಿಯ ಇಯರ್‌ಫೋನು ನನಗಿಷ್ಟ, ಚಾರ್ಜಿನ ರಗಳೆಯಿಲ್ಲ. ಆದರೆ ಅದರ ಪುಟ್ಟ ಮೈಕು ತಾಳಿಸರಕ್ಕೋ ಸೆರಗಿಗೋ ಉಜ್ಜುತ್ತಿದ್ದರೆ ಎಲ್ಲರ ಕಿವಿಯಲ್ಲೂ ಕರಕರ ಸದ್ದು. ಒಂದು ಪಿನ್ನು ಹಾಕಿ ಮೇಲಕ್ಕೆ ಸಿಕ್ಕಿಸಿಕೊಳ್ಳಿ. ಫೋನಿನ ಕೆಳತುದಿಯ ಮೈಕಿನ ತೂತಿಗೆ ಮಾತ್ರ ಪಿನ್ನು ತಾಗಿಸಬೇಡಿ. ಅಲ್ಲಿ ಸೇರಿದ ಜೋಳದ ಹಿಟ್ಟನ್ನು ಒಣಗಿದ ಮೆತ್ತನೆಯ ಬ್ರಷ್ಷಿನಿಂದ ಮೆಲ್ಲನೆ ಒರೆಸಿದರೆ ಸಾಕು.

ತಂಗಿಗೆ ಮಹಡಿಯ ಮೇಲೆ ನಿಂತು ಮಾತನಾಡುವ ಚಟ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿದ್ದಾರೆಯೇ? ಆಷಾಢದಲ್ಲಿ ಅವಳ ಮಾತು ಒಂದಿಷ್ಟು, ಗಾಳಿಯ ಬುಸುಗುಟ್ಟುವಿಕೆ ರಾಶಿ. ಗಾಳಿಗೆ ಬೆನ್ನು ಕೊಟ್ಟು ನಿಲ್ಲು, ಇಲ್ಲವೇ ಒಳಗೆ ಬಾ ಎಂದಿದ್ದೇನೆ.

ಕರೆಯಲ್ಲಿ ಐವರಿದ್ದರೆ ಐದು ಮನೆಯ ಕುಕ್ಕರು, ಮಿಕ್ಸಿ, ಟಿವಿ ಎಲ್ಲವೂ ಒಟ್ಟುಗೂಡುತ್ತವೆ. ಮಾತಿಲ್ಲದಾಗ ಮ್ಯೂಟ್ ಒತ್ತಿ. ಒಂದೇ ಕೋಣೆಯಿಂದ ಇಬ್ಬರು ಬೇರೆ ಬೇರೆ ಫೋನಿನಲ್ಲಿ ಸೇರಿದರಂತೂ ಕೀರಲು ಕೂಗು ಖಂಡಿತ.

ದುಡ್ಡಿನ ಮಾತಾದರೆ ಅಂಕಿಗಳನ್ನು ಬಿಡಿಸಿ ಹೇಳಿ. ತಮ್ಮನ ಸಾಲ ಎಪ್ಪತ್ತು ಸಾವಿರವೋ ಎಂಬತ್ತು ಸಾವಿರವೋ ಎಂದು ನಾಲ್ಕು ಮನೆಗಳಲ್ಲೂ ವಾದ ನಡೆದಿತ್ತು. ‘ಏಳು, ಆಮೇಲೆ ನಾಲ್ಕು ಸೊನ್ನೆ’ ಎಂದು ಅವನು ಹೇಳಿದ ಮೇಲೆಯೇ ತಂಗಿ ಶಾಲಿನ ಬಣ್ಣ ಕೇಳುವುದನ್ನು ಬಿಟ್ಟಳು.