ಸರ್ಟಿಫಿಕೇಟ್ ಬೇಟೆ ಬಿಟ್ಟ ಮೇಲೆ ಕಲಿತದ್ದು: ನನ್ನ ಅನುಭವ

ನಾನು ಬೆಳೆಯುವ ವಯಸ್ಸಿನ ಆಟಗಾರರಿಗೆ ಶಕ್ತಿ ತರಬೇತಿ ಕೊಡುವ ಕೋಚ್. ವಾರಾಂತ್ಯದ ಕೋರ್ಸುಗಳಿಗೆ ದುಡ್ಡು ಸುರಿಯುವುದನ್ನು ನಿಲ್ಲಿಸುತ್ತೇನೆ ಎಂದಾಗ ಜೊತೆಯ ಕೋಚುಗಳು ನಕ್ಕರು. ‘ಕ್ರೆಡಿಟ್ ಎಲ್ಲಿಂದ ತರುತ್ತೀರಿ? ಸಿಎಸ್‌ಸಿಎಸ್ ನವೀಕರಣದ ಗತಿ ಏನು?’ ಎಂದು ಕೇಳಿದರು. ಸಿಎಸ್‌ಸಿಎಸ್ ಎಂದರೆ ಶಕ್ತಿ ತರಬೇತುದಾರರ ಪ್ರಮಾಣಪತ್ರ; ಅದನ್ನು ನವೀಕರಿಸಲು ಕ್ರೆಡಿಟ್, ಅಂದರೆ ಮುಂದುವರಿದ ಕಲಿಕೆಯ ಅಂಕಗಳು, ಬೇಕು. ಮೂರು ವರ್ಷದ ಅವಧಿ ಮುಗಿಯಿತು, ನವೀಕರಣವೂ ಆಯಿತು. ನನ್ನ ಗುಂಪಿನಲ್ಲಿ ಮೊಣಕಾಲು, ಹಿಮ್ಮಡಿ ನೋವಿನ ದೂರುಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿವೆ. ನಕ್ಕವರೇ ಈಗ ಕೇಳುತ್ತಿರುವುದರಿಂದ ಬರೆಯುತ್ತಿದ್ದೇನೆ.

ಮೊದಲು ವರ್ಷಕ್ಕೆ ಸುಮಾರು ಒಂದೂವರೆ ತಿಂಗಳ ಗಳಿಕೆ ಕೋರ್ಸುಗಳಿಗೇ ಹೋಗುತ್ತಿತ್ತು. ಪ್ರಯಾಣ, ರದ್ದಾದ ತರಗತಿಗಳ ನಷ್ಟ ಬೇರೆ. ಅಲ್ಲಿ ಹೇಳಿಕೊಡುತ್ತಿದ್ದುದು ಬಹುಪಾಲು ಬೆಳವಣಿಗೆ ಮುಗಿದವರಿಗೆ ಒಗ್ಗುವ ವಿಷಯ. ನನ್ನಲ್ಲಿಗೆ ಬರುವವರು ಹನ್ನೊಂದರಿಂದ ಹದಿನಾರರ ಒಳಗಿನವರು. ಮಕ್ಕಳು ಭಾರ ಎತ್ತಬಹುದೇ ಎಂಬ ಹಳೆಯ ಜಗಳಕ್ಕೆ 2014ರ ಅಂತರರಾಷ್ಟ್ರೀಯ ಒಮ್ಮತದ ಹೇಳಿಕೆ, ತಕ್ಕ ಮೇಲ್ವಿಚಾರಣೆಯಲ್ಲಿ ಎತ್ತಬಹುದು ಎಂದು ಉತ್ತರ ಕೊಟ್ಟಾಗಿದೆ. ಆದರೂ ಕೋರ್ಸಿನ ಮೊದಲ ಅರ್ಧ ದಿನ ಅದಕ್ಕೇ ಮೀಸಲು!

ನಾನು ಹಿಡಿದ ದಾರಿ ಇಷ್ಟೇ: ನಾಲ್ಕು ತಿಂಗಳಿಗೆ ಒಂದೇ ಪ್ರಶ್ನೆ. ಅದರ ಬಗ್ಗೆ ಎರಡು ಮೂರು ಸಂಶೋಧನಾ ಪ್ರಬಂಧ ಓದುವುದು, ನನ್ನಲ್ಲಿಗೆ ಬರುವ ಮಕ್ಕಳನ್ನೇ ಅಳೆಯುವುದು, ಕೊನೆಗೆ ಇನ್ನಿಬ್ಬರು ಕೋಚುಗಳ ಮುಂದೆ ಲೆಕ್ಕ ಒಪ್ಪಿಸುವುದು. ಆ ಪ್ರಶ್ನೆಗೆ ಬೇಕೇ ಬೇಕೆನಿಸಿದ ಕೋರ್ಸಿಗೆ ಮಾತ್ರ ಶುಲ್ಕ. ಉಳಿದ ಕ್ರೆಡಿಟ್ಟುಗಳನ್ನು ಅಗ್ಗದ ಆನ್‌ಲೈನ್ ಪರೀಕ್ಷೆಗಳಿಂದ ತುಂಬಿಸಿದೆ.

ಮೊದಲ ಪ್ರಶ್ನೆ, ಯಾರು ಈಗ ಸರ್ರನೆ ಬೆಳೆಯುತ್ತಿದ್ದಾರೆ ಎಂಬುದು. ದೇಹದ ಅಳತೆಗಳಿಂದ ಮಗು ಅತಿ ವೇಗದ ಬೆಳವಣಿಗೆಯ ಹಂತಕ್ಕೆ ಎಷ್ಟು ಹತ್ತಿರವಿದೆ ಎಂದು ಅಂದಾಜಿಸುವ 2002ರ ಮಿರ್ವಾಲ್ಡ್ ಸೂತ್ರ ಹಿಡಿದು ಕುಳಿತೆ. ಫಲಿತಾಂಶ ಗೋಜಲು. ಒಬ್ಬ ಹುಡುಗ ಮೂರು ತಿಂಗಳಲ್ಲಿ ಹಿಂದಕ್ಕೆ ಬೆಳೆದಿದ್ದ! ಒಂದು ಅಳತೆ ಬೆಳಗಿನದು, ಇನ್ನೊಂದು ಸಂಜೆ ಅಭ್ಯಾಸದ ನಂತರದ್ದು. ದಿನ ಕಳೆಯುವಷ್ಟರಲ್ಲಿ ಎತ್ತರ ಒಂದು ಸೆಂಟಿಮೀಟರಿನಷ್ಟು ಕುಗ್ಗುತ್ತದೆ. ಕುಳಿತ ಎತ್ತರವಂತೂ ಇನ್ನೂ ಕಷ್ಟ. ಪೆಟ್ಟಿಗೆಯ ಮೇಲೆ ಕುಳಿತ ಮಗು ಬೆನ್ನನ್ನು ಸಡಿಲ ಬಿಟ್ಟರೆ ಒಟ್ಟು ಎತ್ತರದಿಂದ ಅದನ್ನು ಕಳೆದು ಸಿಗುವ ಕಾಲಿನ ಉದ್ದವೇ ಬದಲಾಗಿಬಿಡುತ್ತದೆ. ಈಗ ಅದೇ ಪೆಟ್ಟಿಗೆ, ಅದೇ ಹೊತ್ತು, ಅಭ್ಯಾಸಕ್ಕೆ ಮುಂಚೆ. ಸೊಂಟ ಗೋಡೆಗೆ, ಕೈ ತೊಡೆಯ ಮೇಲೆ, ಉಸಿರು ಎಳೆದು ಹಿಡಿದಾಗ ಅಳತೆ. ಎರಡು ಅಳತೆಗಳ ನಡುವೆ ನಾಲ್ಕು ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಮೂರನೆಯದು ತೆಗೆದು ನಡುವಿನದನ್ನು ಬರೆದುಕೊಳ್ಳುತ್ತೇನೆ.

ಇಷ್ಟಾದರೂ ಆ ಸೂತ್ರ ಬೇಗ ಬೆಳೆಯುವವರನ್ನೂ ತಡವಾಗಿ ಬೆಳೆಯುವವರನ್ನೂ ಸರಾಸರಿಯ ಕಡೆಗೇ ಎಳೆಯುತ್ತದೆ. ಮಗು ದೊಡ್ಡದಾದಾಗಿನ ಎತ್ತರವನ್ನು ಅಂದಾಜಿಸುವ 1994ರ ಖಾಮಿಸ್–ರೋಚ್ ವಿಧಾನಕ್ಕೆ ತಂದೆತಾಯಿಯ ಎತ್ತರ ಬೇಕು. ಅಪ್ಪಂದಿರು ಒಂದೆರಡು ಸೆಂಟಿಮೀಟರ್ ಸೇರಿಸಿಯೇ ಹೇಳುತ್ತಾರೆ. ನಿಜ ತಿಳಿಯಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ದಿನನಿತ್ಯದ ನಿರ್ಧಾರಕ್ಕೆ ಬೆಳವಣಿಗೆಯ ವೇಗವೇ ಸಾಕು. ವರ್ಷಕ್ಕೆ ಏಳು ಸೆಂಟಿಮೀಟರ್ ಲೆಕ್ಕ ದಾಟಿದವರಿಗೆ ಜಿಗಿತಗಳನ್ನು ಅರ್ಧ ಮಾಡುತ್ತೇನೆ, ಸ್ಕ್ವಾಟ್ ನಿಲ್ಲಿಸುವುದಿಲ್ಲ. ನೋವಿನ ದೂರು ಇಳಿದದ್ದು ಇದರಿಂದಲೇ ಎಂದು ನನ್ನ ನಂಬಿಕೆ.

ಮುಂದಿನ ಪ್ರಶ್ನೆ ನನ್ನ ಬಾಯಿಯ ಕುರಿತು. ಕಾಲರಿಗೆ ಮೈಕ್ ಸಿಕ್ಕಿಸಿ ತರಗತಿಯನ್ನು ಧ್ವನಿಮುದ್ರಿಸಿದೆ. ಒಂದು ಸೆಟ್ ಮುಗಿಯುವುದರೊಳಗೆ ಹತ್ತು ಹನ್ನೆರಡು ಸೂಚನೆ ಕೊಡುತ್ತಿದ್ದೆ. ಈಗ ಒಂದೋ ಎರಡೋ. ‘ಮೊಣಕಾಲು ನೆಟ್ಟಗೆ ಮಾಡು’ ಎನ್ನುವುದಕ್ಕಿಂತ ‘ನೆಲವನ್ನು ಕೆಳಕ್ಕೆ ತಳ್ಳು’ ಎಂದರೆ ಚಿಕ್ಕವರ ಜಿಗಿತ ಕಣ್ಣಿಗೆ ಕಾಣುವಷ್ಟು ಸುಧಾರಿಸಿತು. ಹದಿನೈದು ದಾಟಿದವರಲ್ಲಿ ಅಷ್ಟು ವ್ಯತ್ಯಾಸ ಕಾಣಲಿಲ್ಲ. ನಡುವೆ ಜಿಗಿತ ಅಳೆಯುವ ದುಬಾರಿ ಜಂಪ್ ಮ್ಯಾಟ್ ಒಂದನ್ನು ಕೊಂಡಿದ್ದೆ, ಅದು ದೂಳು ತಿನ್ನುತ್ತಿದೆ. ಮೊಬೈಲಿನ ನಿಧಾನಗತಿಯ ವಿಡಿಯೊದಲ್ಲೇ ಕೆಲಸ ಸಾಗುತ್ತದೆ.

ಮೂವರು ಕೋಚುಗಳ ಕೂಟ ಮಾತ್ರ ಮೊದಲ ವರ್ಷ ಪರಸ್ಪರ ಹೊಗಳಿಕೆಯ ಸಭೆಯಾಗಿತ್ತು. ‘ಚೆನ್ನಾಗಿತ್ತು’ ಎಂಬ ಮಾತಿಗೆ ನಿಷೇಧ ಹಾಕಿದೆವು. ನೋಡಲು ಬಂದವರು ಎಣಿಕೆಗಳನ್ನಷ್ಟೇ ಬರೆದುಕೊಡಬೇಕು: ಎಷ್ಟು ಸೂಚನೆ, ಎಷ್ಟು ಹೊತ್ತು ಮಕ್ಕಳು ಸುಮ್ಮನೆ ಸಾಲಿನಲ್ಲಿ ನಿಂತರು, ಯಾವ ಮಗುವಿನ ಹೆಸರನ್ನು ಒಮ್ಮೆಯೂ ಕರೆಯಲಿಲ್ಲ. ಈ ಕೊನೆಯ ಎಣಿಕೆ ಮೂವರಿಗೂ ಚುಚ್ಚಿತು, ಹೆಚ್ಚು ಕಲಿಸಿದ್ದೂ ಅದೇ.

ಈಗಿನ ಖರ್ಚು ಹಿಂದಿನದರ ಮೂರನೇ ಒಂದು ಭಾಗವಿರಬಹುದು, ಅದರಲ್ಲಿ ಅರ್ಧ ಫಿಸಿಯೊಥೆರಪಿಸ್ಟ್ ಒಬ್ಬರ ಸಮಯಕ್ಕೆ ಹೋಗುತ್ತದೆ. ಈ ಬಾರಿಯ ಪ್ರಶ್ನೆ ಆಟದ ಋತುವಿನಲ್ಲಿ ವಾರಕ್ಕೆ ಒಂದೇ ತರಗತಿ ಸಿಕ್ಕರೆ ಶಕ್ತಿ ಉಳಿಯುತ್ತದೆಯೇ ಎಂಬುದು. ಅಳತೆ ಅರ್ಧಕ್ಕೆ ಬಂದಿದೆ, ಸದ್ಯಕ್ಕೆ ಹುಡುಗಿಯರ ಗುಂಪು ಮುಂದಿದೆ.